ಎಷ್ಟನೇ ದಿನ ಅಂತ ಕೇಳು, ಮಗಳೇ

ಮೊನ್ನೆ ಬೆಳಗಿನ ಜಾವ ನಿನ್ನ ಫೋನ್ ಬಂದಾಗ ನಾನು ಹಾಲು ಕಾಯಿಸುತ್ತಿದ್ದೆ. "ದೊಡ್ಡಮ್ಮಾ, ಆರನೇ ಬೆಡ್ ಪೇಷಂಟ್ ಹೋದರು" ಅಂದೆ. ಆಮೇಲೆ ನಿನಗೆ ಮಾತೇ ಹೊರಡಲಿಲ್ಲ. ಹಿಂದೆ ಮಾನಿಟರುಗಳ ಸದ್ದು ಮಾತ್ರ ಕೇಳುತ್ತಿತ್ತು. ಕೊನೆಗೆ, "ಎಲ್ಲಾ ಇಂಜೆಕ್ಷನ್ ಕೊಟ್ಟೆವು, ಯಾವುದೂ ನಾಟಲಿಲ್ಲ" ಅಂದೆ. ನಾನು ನಾಲ್ಕು ಸಮಾಧಾನದ ಮಾತು ಹೇಳಿ ಫೋನ್ ಇಟ್ಟೆ. ಇಟ್ಟ ಮೇಲೆ ಮನಸ್ಸು ತಡೆಯಲಿಲ್ಲ. ಮೂವತ್ತನಾಲ್ಕು ವರ್ಷ ವಾರ್ಡುಗಳಲ್ಲಿ ಓಡಾಡಿದವಳು, ಅದರಲ್ಲಿ ಹದಿನಾಲ್ಕು ವರ್ಷ ಐಸಿಯುನಲ್ಲೇ ಸವೆಸಿದವಳು, ನಿನಗೆ ಬರೀ ಸಮಾಧಾನ ಕೊಟ್ಟು ಸುಮ್ಮನಾದರೆ ತಪ್ಪಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಡ್ಯೂಟಿ ಮುಗಿಸಿ ಬಂದು, ಊಟ ಮಾಡಿ, ನಿದ್ದೆ ತೆಗೆದು, ಆಮೇಲೆ ಓದು.

ಊರ ಕಡೆ ಇದಕ್ಕೆ ನಂಜು ಅಂತಾರೆ. ಗಾಯ ನಂಜಾಯಿತು, ರಕ್ತಕ್ಕೆ ನಂಜೇರಿತು ಅಂತಾರೆ. ಡಾಕ್ಟರು ಸೆಪ್ಸಿಸ್ ಅಂತ ಹೇಳಿದಾಗ ಕಕ್ಕಾಬಿಕ್ಕಿಯಾಗಿ ನಿಂತವರಿಗೆ "ರಕ್ತಕ್ಕೆ ನಂಜೇರಿದೆ ಕಣಮ್ಮ" ಅಂದರೆ ಥಟ್ಟನೆ ಅರ್ಥವಾಗುತ್ತದೆ. ಅರ್ಥವಾದ ಮರುಕ್ಷಣವೇ ಅವರು ಕೇಳುವ ಪ್ರಶ್ನೆಯೂ ಒಂದೇ. "ಆಸ್ಪತ್ರೆ ಒಳಗೇ ಇದ್ದಾರಲ್ಲಾ, ನಂಜು ಎಲ್ಲಿಂದ ಬಂತು?" ಆ ಪ್ರಶ್ನೆಗೆ ನಾವು ಯಾರೂ ನೆಟ್ಟಗೆ ಉತ್ತರ ಕೊಡುವುದಿಲ್ಲ. ಉತ್ತರ ನಮಗೆ ಗೊತ್ತಿದೆ. ಕತ್ತಿನಲ್ಲಿ ಒಂದು ಲೈನ್, ಮೂತ್ರಕ್ಕೆ ಒಂದು ಕೊಳವೆ, ಗಂಟಲಿಗೆ ಒಂದು ಕೊಳವೆ, ಕೈಯಲ್ಲಿ ಎರಡು ಕ್ಯಾನುಲಾ. ಎಲ್ಲವೂ ಜೀವ ಉಳಿಸಲೆಂದೇ ಹಾಕಿದ್ದು. ಆದರೆ ಕತ್ತಿನ ಲೈನಿನ ತುದಿ ಹೃದಯದ ಬಾಗಿಲಲ್ಲೇ ಇರುತ್ತದೆ. ಚರ್ಮದ ಮೇಲೆ, ಕರುಳಿನೊಳಗೆ ತನ್ನ ಪಾಡಿಗೆ ತಾನಿದ್ದ ಬ್ಯಾಕ್ಟೀರಿಯಾ ನಮ್ಮ ಕೈಗೆ ಅಂಟಿ ಆ ಲೈನಿನ ಬಾಯಿಗೆ ಬಂದರೆ ಸಾಕು, ಮುಂದಿನ ದಾರಿಯನ್ನೆಲ್ಲ ನಾವೇ ಮಾಡಿಕೊಟ್ಟಿರುತ್ತೇವೆ.

ನಿನಗೆ ಇದುವರೆಗೂ ಹೇಳದ ಒಂದು ಸಂಗತಿ ಇದೆ. 2011ರ ಮಳೆಗಾಲ. ಗಾರೆ ಕೆಲಸದ ಹುಡುಗನೊಬ್ಬ ಎರಡನೇ ಮಹಡಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಬಂದಿದ್ದ. ನಡುರಾತ್ರಿ, ಬಿಪಿ ಸಿಗುತ್ತಿಲ್ಲ, ಕೈಯಲ್ಲಿ ನರ ಸಿಗುತ್ತಿಲ್ಲ. ಕ್ಯಾಶುವಾಲ್ಟಿಯಲ್ಲೇ ತೊಡೆಸಂದಿಗೆ ಸೆಂಟ್ರಲ್ ಲೈನ್ ಹಾಕಿದರು. ಆ ಹೊತ್ತಿಗೆ ಅದು ಸರಿಯೇ, ಅವನ ಜೀವ ಉಳಿದದ್ದೇ ಅದರಿಂದ. ಐದನೇ ದಿನಕ್ಕೆ ಚೇತರಿಸಿಕೊಂಡ. ಗಂಜಿ ಕುಡಿದ, ಆಮೇಲೆ "ಮುದ್ದೆ, ಉಪ್ಸಾರು ಯಾವಾಗ ಸಿಸ್ಟರ್?" ಅಂತ ನನ್ನನ್ನು ಪೀಡಿಸತೊಡಗಿದ. ಕೈಯಲ್ಲಿ ಒಳ್ಳೆಯ ನರಗಳು ಎದ್ದಿದ್ದವು. ಆದರೂ ತೊಡೆಸಂದಿನ ಲೈನ್ ಹಾಗೇ ಉಳಿಯಿತು. ಇರಲಿ, ರಕ್ತ ತೆಗೆಯಲು ಅನುಕೂಲ ಅಂತ ನಾವೂ ಬಿಟ್ಟೆವು.

ಒಂಬತ್ತನೇ ದಿನ ಮಧ್ಯಾಹ್ನ ಒಂದೂವರೆಗೆ ಡ್ರೆಸಿಂಗಿನ ಒಂದು ಅಂಚು ಎದ್ದಿರುವುದನ್ನು ನೋಡಿದೆ. ಎರಡು ಗಂಟೆಗೆ ನನ್ನ ಶಿಫ್ಟ್ ಮುಗಿಯುತ್ತಿತ್ತು. "ಡ್ರೆಸಿಂಗ್ ಸಡಿಲ, ಬದಲಿಸುವುದು" ಅಂತ ನೋಟ್ಸಿನಲ್ಲಿ ಬರೆದು, ಹ್ಯಾಂಡೋವರಿನಲ್ಲಿ ಬಾಯಿಮಾತಿನಲ್ಲೂ ಹೇಳಿ ಮನೆಗೆ ಹೋದೆ. ಹತ್ತು ನಿಮಿಷದ ಕೆಲಸ. ನಾನೇ ಮಾಡಬಹುದಿತ್ತು. ಸಂಜೆಯ ಶಿಫ್ಟಿನಲ್ಲಿ ಎರಡು ಹೊಸ ಅಡ್ಮಿಷನ್ ಬಂದು ಅದು ಯಾರಿಂದಲೂ ಆಗಲಿಲ್ಲ. ರಾತ್ರಿ ಎಂಟೂವರೆಗೆ ಲೈನ್ ಫ್ಲಶ್ ಮಾಡಿ ಅರ್ಧ ಗಂಟೆಯಾಗುವಷ್ಟರಲ್ಲಿ ಹುಡುಗನಿಗೆ ಮಂಚ ಅಲುಗಾಡುವಷ್ಟು ನಡುಕ, 104 ಡಿಗ್ರಿ ಜ್ವರ. ಫ್ಲಶ್ ಮಾಡಿದ ಬೆನ್ನಿಗೇ ಚಳಿನಡುಕ ಬಂದರೆ ಮೊದಲು ಲೈನನ್ನೇ ಅನುಮಾನಿಸು ಮಗಳೇ, ಇದನ್ನು ಮರೆಯಬೇಡ. ಲೈನಿನಿಂದ ಒಂದು, ಕೈಯಿಂದ ಒಂದು ಬ್ಲಡ್ ಕಲ್ಚರ್ ಕಳಿಸಿದರು. ಲೈನಿನ ರಕ್ತದ ಬಾಟಲಿ ಕೈಯ ಬಾಟಲಿಗಿಂತ ಮೂರು ಗಂಟೆ ಮೊದಲೇ ಪಾಸಿಟಿವ್ ಆಯಿತು. ಎರಡು ಗಂಟೆಗೂ ಹೆಚ್ಚು ಮೊದಲು ಕೂಗಿತೆಂದರೆ ನಂಜಿನ ಬೇರು ಲೈನಿನಲ್ಲೇ ಇದೆ ಎಂದು ಲೆಕ್ಕ. ಬೆಳೆದ ಬ್ಯಾಕ್ಟೀರಿಯಾ ಕ್ಲೆಬ್ಸಿಯೆಲ್ಲಾ. ರಿಪೋರ್ಟಿನ ಕಾಲಂ ಉದ್ದಕ್ಕೂ ರೆಸಿಸ್ಟೆಂಟ್, ರೆಸಿಸ್ಟೆಂಟ್. ದೊಡ್ಡ ಔಷಧಿ ಮೆರೋಪೆನೆಂ ಎದುರಿಗೂ ಅದೇ. ಕೊಲಿಸ್ಟಿನ್ ಒಂದರ ಮುಂದೆ ಮಾತ್ರ ಬೇರೆ ಅಕ್ಷರವಿತ್ತು. ಲೈನ್ ತೆಗೆದು ಕೊಲಿಸ್ಟಿನ್ ಶುರು ಮಾಡಿದರು, ಕಿಡ್ನಿ ಕೈಕೊಟ್ಟಿತು, ಡಯಾಲಿಸಿಸ್ ಆಯಿತು. ಹದಿನೇಳನೇ ದಿನ ಹೋಗಿಬಿಟ್ಟ.

ಅವನ ತಾಯಿ ನನ್ನ ಕೈ ಹಿಡಿದು ಕೇಳಿದ್ದು ಇಷ್ಟೇ. "ಸಿಸ್ಟರಮ್ಮಾ, ಬಿದ್ದ ಏಟು ವಾಸಿಯಾಗಿತ್ತಲ್ವಾ?"

ಆ ಡ್ರೆಸಿಂಗಿನಿಂದಲೇ ಹೀಗಾಯಿತು ಅಂತ ಯಾರೂ ಸಾಬೀತು ಮಾಡಲಾರರು. ನಾನೂ ಮಾಡಲಾರೆ. ಆದರೆ ಐದನೇ ದಿನದಿಂದ ಅವನಿಗೆ ಬೇಡವಾಗಿದ್ದ ಲೈನ್ ಒಂಬತ್ತನೇ ದಿನದವರೆಗೂ ಅಲ್ಲೇ ಇತ್ತು. ರೌಂಡ್ಸಿಗೆ ಬಂದ ಡಾಕ್ಟರುಗಳಾಗಲಿ, ಪಕ್ಕದಲ್ಲಿ ಕೇಸ್‌ಶೀಟ್ ಹಿಡಿದು ನಿಂತ ನಾನಾಗಲಿ, ಎಷ್ಟನೇ ದಿನ ಇದು ಅಂತ ಕೇಳಲಿಲ್ಲ. ಅಂದಿನಿಂದ ರಿಟೈರ್ ಆಗುವವರೆಗೂ ನಾನು ಕೇಳದೆ ಬಿಟ್ಟ ದಿನವಿಲ್ಲ. "ಸರ್, ಲೈನ್ ಆರನೇ ದಿನ. ಇನ್ನೂ ಬೇಕಾ?" ಅಷ್ಟೇ. ಕೆಲವರು ಮುಖ ಗಂಟಿಕ್ಕಿದರು. ಹೆಚ್ಚಿನವರು ಒಂದು ಕ್ಷಣ ಯೋಚಿಸಿ, "ತೆಗೆದುಬಿಡಿ ಸಿಸ್ಟರ್" ಅಂದರು.

ನಿನ್ನ ವಯಸ್ಸಿಗೆ ದೊಡ್ಡ ಡಾಕ್ಟರ ಎದುರು ಬಾಯಿ ತೆರೆಯಲು ಅಂಜಿಕೆಯಾಗುತ್ತದೆ, ಗೊತ್ತು. ಅದಕ್ಕೇ ಇದನ್ನು ಕೇಳು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಪೀಟರ್ ಪ್ರೊನೊವೋಸ್ಟ್ ಎಂಬ ಡಾಕ್ಟರು 2001ರಲ್ಲಿ ಒಂದು ಚೀಟಿ ಮಾಡಿದರು. ಲೈನ್ ಹಾಕುವ ಮುನ್ನ ಕೈ ತೊಳೆ, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್‌ನಿಂದ ಒರೆಸು, ಗೌನು ಮಾಸ್ಕು ಹಾಕಿ ರೋಗಿಯ ಮೈಪೂರ್ತಿ ಸ್ಟೆರೈಲ್ ಬಟ್ಟೆ ಹೊದಿಸು, ಸಾಧ್ಯವಾದಷ್ಟೂ ತೊಡೆಸಂದಿ ಬೇಡ, ಬೇಡವಾದ ಲೈನನ್ನು ತೆಗೆ. ಇದರಲ್ಲಿ ಹೊಸದೇನೂ ಇಲ್ಲ, ನಮಗೆಲ್ಲ ಗೊತ್ತಿದ್ದದ್ದೇ. ಹೊಸದಾಗಿದ್ದು ಬೇರೆ. ಡಾಕ್ಟರು ಒಂದು ಹೆಜ್ಜೆ ಬಿಟ್ಟರೆ ಅವರನ್ನು ಅಲ್ಲೇ ತಡೆಯುವ ಅಧಿಕಾರವನ್ನು ಅವರು ನರ್ಸುಗಳ ಕೈಗೆ ಕೊಟ್ಟರು. ಮುಂದೆ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಇದನ್ನೇ ಜಾರಿಗೆ ತಂದಾಗ, ಸಾವಿರ ಲೈನ್-ದಿನಗಳಿಗೆ 2.7 ಇದ್ದ ರಕ್ತದ ಸೋಂಕಿನ ಮಧ್ಯಾಂಕ ಮೂರು ತಿಂಗಳಲ್ಲಿ ಸೊನ್ನೆಗೆ ಇಳಿಯಿತು. 2006ರಲ್ಲಿ ಅದು ಪ್ರಕಟವಾಯಿತು. ಹೊಸ ಔಷಧಿ ಇಲ್ಲ, ಹೊಸ ಮೆಷಿನ್ ಇಲ್ಲ. ನಮ್ಮಂಥವಳೊಬ್ಬಳು ಬಾಯಿ ಬಿಟ್ಟು ಹೇಳಿದ್ದಕ್ಕೂ ಅದರಲ್ಲಿ ಪಾಲಿತ್ತು. ಅಧಿಕಾರವನ್ನು ಯಾರಾದರೂ ಬರೆದುಕೊಡಲಿ ಅಂತ ಕಾಯಬೇಡ. ಮರ್ಯಾದೆಯಿಂದ ಕೇಳು, ಆದರೆ ಕೇಳು.

ಇನ್ನು ಕೈ. ಕಾಲೇಜಿನಲ್ಲಿ ಕೈ ತೊಳೆಯುವ ಚಾರ್ಟ್ ನೋಡಿ ನೋಡಿ ನಿನಗೆ ಬೇಸರ ಬಂದಿರುತ್ತದೆ. ಆದರೂ ಅದರ ಹಿಂದಿನ ಕಥೆ ಕೇಳು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಎರಡು ವಾರ್ಡುಗಳಿದ್ದವು, ಒಂದು ಡಾಕ್ಟರುಗಳದ್ದು, ಇನ್ನೊಂದು ಸೂಲಗಿತ್ತಿಯರದ್ದು. ಡಾಕ್ಟರುಗಳ ವಾರ್ಡಿನಲ್ಲಿ ಬಾಣಂತಿಯರು ನಂಜೇರಿ ಸಾಯುವುದು ಎಷ್ಟು ಹೆಚ್ಚಿತ್ತೆಂದರೆ, ಹೆಂಗಸರು ಸೂಲಗಿತ್ತಿಯರ ವಾರ್ಡಿಗೇ ಹಾಕಿ ಅಂತ ಗೋಗರೆಯುತ್ತಿದ್ದರಂತೆ. ಡಾಕ್ಟರುಗಳು ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಾರೆ ಎಂಬುದನ್ನು ಅಲ್ಲೇ ಕೆಲಸಕ್ಕಿದ್ದ ಡಾಕ್ಟರು ಸೆಮ್ಮೆಲ್‌ವೈಸ್ ಕಂಡುಕೊಂಡರು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದ ಮೇಲೆ ಏಪ್ರಿಲ್‌ನಲ್ಲಿ ನೂರಕ್ಕೆ ಹದಿನೆಂಟರಷ್ಟಿದ್ದ ಸಾವು ಕೆಲವೇ ತಿಂಗಳಲ್ಲಿ ಎರಡರ ಆಸುಪಾಸಿಗೆ ಬಂತು. ಆ ನಂಜಿಗೆ ಬ್ಯಾಕ್ಟೀರಿಯಾ ಕಾರಣ ಎಂಬುದು ಆಗಿನ್ನೂ ಗೊತ್ತಿರಲಿಲ್ಲ.

ನಾನು ಕಣ್ಣಾರೆ ಕಂಡ ತಪ್ಪುಗಳನ್ನು ಹೇಳುತ್ತೇನೆ. ಹ್ಯಾಂಡ್‌ರಬ್ ಉಜ್ಜುವಾಗ ಎಲ್ಲರೂ ಅಂಗೈಗೆ ಅಂಗೈ ಉಜ್ಜುತ್ತಾರೆ, ಹೆಬ್ಬೆರಳು ಮತ್ತು ಬೆರಳ ತುದಿ ಹಾಗೇ ಉಳಿಯುತ್ತವೆ. ಲೈನಿನ ಮುಚ್ಚಳ ತಿರುಗಿಸುವುದು ಯಾವುದರಿಂದ? ಆ ಹೆಬ್ಬೆರಳಿನಿಂದ, ಆ ತುದಿಗಳಿಂದ. ಗ್ಲೌಸ್ ಹಾಕಿಕೊಂಡು ಮೂರನೇ ಬೆಡ್‌ನಿಂದ ನಾಲ್ಕನೇ ಬೆಡ್‌ಗೆ ಹೋಗುವವರಿದ್ದಾರೆ. ಆ ಗ್ಲೌಸ್ ಅವರನ್ನು ಕಾಪಾಡುತ್ತದೆ, ನಾಲ್ಕನೇ ಬೆಡ್ಡಿನವರನ್ನಲ್ಲ. ಮತ್ತೆ ಆ ಸಲೈನ್ ಬಾಟಲಿ! ಬೆಳಿಗ್ಗೆ ಒಂದು ಸೂಜಿ ಚುಚ್ಚಿಟ್ಟು, ದಿನವಿಡೀ ಅದರಿಂದಲೇ ಎಲ್ಲರಿಗೂ ಫ್ಲಶ್ ಎಳೆಯುವುದು. ನಾನು ವಾರ್ಡ್ ಇನ್‌ಚಾರ್ಜ್ ಆದ ದಿನ ಮೊದಲು ಕಸಕ್ಕೆ ಹಾಕಿದ್ದು ಅಂಥ ಬಾಟಲಿಯನ್ನೇ. ಚುಚ್ಚಿಟ್ಟ ಸೂಜಿ ಎಂದರೆ ಹೊರಗಿನ ಗಾಳಿಗೆ, ಹತ್ತು ಜನರ ಕೈಗೆ ತೆರೆದಿಟ್ಟ ಬಾಯಿ. ಒಂದು ಬಾಟಲಿ ಕೆಟ್ಟರೆ ಇಡೀ ಐಸಿಯುಗೆ ಒಂದೇ ರಾತ್ರಿಯಲ್ಲಿ ಜ್ವರ ಬರಬಹುದು. ನಿನ್ನ ಕಣ್ಣಿಗೆ ಬಿದ್ದರೆ ಯಾರ ಅಪ್ಪಣೆಗೂ ಕಾಯದೆ ಎಸೆ. ಲೈನಿಗೆ ಸಿರಿಂಜ್ ಜೋಡಿಸುವ ಮುನ್ನ ಅದರ ಬಾಯನ್ನು ಸ್ಪಿರಿಟ್ ಸ್ವ್ಯಾಬ್‌ನಿಂದ ಹದಿನೈದು ಸೆಕೆಂಡಾದರೂ ಗಟ್ಟಿಯಾಗಿ ಉಜ್ಜಿ ಒಣಗಲು ಬಿಡು. ಸುಮ್ಮನೆ ಮುಟ್ಟಿಸಿ ತೆಗೆದರೆ ಉಜ್ಜಿದಂತಲ್ಲ.

ಬ್ಲಡ್ ಕಲ್ಚರ್ ವಿಷಯಕ್ಕೆ ಬರುತ್ತೇನೆ, ಇಲ್ಲಿ ಸ್ವಲ್ಪ ನಿಧಾನವಾಗಿ ಓದು. ಯಾವ ಔಷಧಿ ನಾಟುತ್ತದೆ, ಯಾವುದು ನಾಟುವುದಿಲ್ಲ ಅಂತ ಹೇಳುವುದು ಆ ಬಾಟಲಿ ಒಂದೇ. ನಂಜೇರಿದ ದೊಡ್ಡವರ ರಕ್ತದಲ್ಲೂ ಒಂದು ಮಿಲಿಗೆ ಒಂದೋ ಎರಡೋ ಬ್ಯಾಕ್ಟೀರಿಯಾ ಮಾತ್ರ ಇರುವುದುಂಟು. ಎರಡು ಮೂರು ಮಿಲಿ ಹಾಕಿ ಕಳಿಸಿದರೆ ಅದು ಸಿಗದೇ ಹೋಗಬಹುದು. ದೊಡ್ಡವರಿಗೆ ಒಂದೊಂದು ಬಾಟಲಿಗೆ ಎಂಟರಿಂದ ಹತ್ತು ಮಿಲಿ, ಎರಡು ಬೇರೆ ಬೇರೆ ಜಾಗದಿಂದ. "ಇಷ್ಟೊಂದು ರಕ್ತ ಯಾಕಮ್ಮ ತೆಗೀತೀರಿ?" ಅಂತ ಮನೆಯವರು ಕೇಳುತ್ತಾರೆ. ಕಾರಣ ಹೇಳು, ಒಪ್ಪುತ್ತಾರೆ. ಚರ್ಮ ಒರೆಸಿದ ಮೇಲೆ ಮೂವತ್ತು ಸೆಕೆಂಡ್ ಒಣಗಲಿ, ಒಣಗಿದ ಮೇಲೆ ನರ ಎಲ್ಲಿದೆ ಅಂತ ಮತ್ತೆ ಬೆರಳಿಟ್ಟು ನೋಡಬೇಡ. ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದಾಗ ಒಳಗಿನ ರಬ್ಬರ್ ಶುದ್ಧವಾಗಿದೆ ಅಂದುಕೊಳ್ಳಬೇಡ, ಅದನ್ನೂ ಸ್ಪಿರಿಟ್‌ನಲ್ಲಿ ಒರೆಸು. ಇಲ್ಲಿ ಉದಾಸೀನ ಮಾಡಿದರೆ ಚರ್ಮದ ಬ್ಯಾಕ್ಟೀರಿಯಾ ಬಾಟಲಿಯಲ್ಲಿ ಬೆಳೆದು, ಇಲ್ಲದ ರೋಗಕ್ಕೆ ವಾರಗಟ್ಟಲೆ ವ್ಯಾಂಕೊಮೈಸಿನ್ ಹೋಗುತ್ತದೆ. ರಾತ್ರಿ ಲ್ಯಾಬ್ ಮುಚ್ಚಿದೆ ಅಂತ ಬಾಟಲಿಯನ್ನು ಫ್ರಿಜ್‌ನಲ್ಲಿಡುವ ಅಭ್ಯಾಸ ಕೆಲವು ಕಡೆ ಇದೆ. ದಮ್ಮಯ್ಯ, ಅದನ್ನು ಮಾತ್ರ ಮಾಡಬೇಡ. ಬದುಕಿಸಿ ಬೆಳೆಸಬೇಕಾದದ್ದನ್ನು ತಣ್ಣಗೆ ಕೊಂದ ಹಾಗಾಗುತ್ತದೆ. ಹೊರಗೇ ಇಡು, ಆದಷ್ಟು ಬೇಗ ಕಳಿಸು.

ಇದೆಲ್ಲ ಮೊದಲ ಡೋಸ್ ಹೋಗುವ ಮುನ್ನ ಆಗಬೇಕು. ಹಾಗಂತ ಬಿಪಿ ಕುಸಿಯುತ್ತಿರುವವರ ಮುಂದೆ ಬಾಟಲಿ ಹುಡುಕುತ್ತಾ ನಿಲ್ಲಬೇಡ. ಸೆಪ್ಟಿಕ್ ಶಾಕ್‌ನಲ್ಲಿ ಒಂದು ಗಂಟೆಯೊಳಗೆ ಔಷಧಿ ಒಳಗೆ ಹೋಗಿರಬೇಕು. ಬಾಟಲಿ, ಸಿರಿಂಜು, ಸ್ವ್ಯಾಬ್ ಎಲ್ಲ ಒಂದು ಟ್ರೇಯಲ್ಲಿ ಸದಾ ಜೋಡಿಸಿಟ್ಟಿದ್ದರೆ ಐದು ನಿಮಿಷ ಸಾಕು.

"ಯಾವುದೂ ನಾಟಲಿಲ್ಲ" ಅಂದೆಯಲ್ಲ, ಅದು ಹೇಗೆ ಅಂತ ನಿನಗೆ ಪುಸ್ತಕದಲ್ಲಿ ಓದಿ ಗೊತ್ತು. ನಾನು ಅಟೆಂಡರುಗಳಿಗೆ ಹೇಳಿಕೊಡುತ್ತಿದ್ದ ರೀತಿಯಲ್ಲಿ ಹೇಳುತ್ತೇನೆ. ಮನೆಯಲ್ಲಿ ಮೊಸರು ಮುಗಿದರೆ ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತರುತ್ತೇವೆ. ಕೊಟ್ಟವರ ಮೊಸರು ಕಡಿಮೆಯಾಗುವುದಿಲ್ಲ, ನಮ್ಮ ಪಾತ್ರೆ ಬೆಳಗಾಗುವಷ್ಟರಲ್ಲಿ ತುಂಬುತ್ತದೆ, ಆಚೆ ಬೀದಿಯವರು ನಮ್ಮಿಂದ ಒಯ್ಯುತ್ತಾರೆ. ಔಷಧಿಯನ್ನು ಕತ್ತರಿಸಿ ಹಾಕುವ ವಿದ್ಯೆಯನ್ನು ಬ್ಯಾಕ್ಟೀರಿಯಾಗಳು ಹೀಗೇ ಹಂಚಿಕೊಳ್ಳುತ್ತವೆ. ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಪ್ರತಿಯನ್ನು ಒಂದು ಇನ್ನೊಂದಕ್ಕೆ ದಾಟಿಸುತ್ತದೆ, ತನ್ನದನ್ನೂ ಇಟ್ಟುಕೊಳ್ಳುತ್ತದೆ. ಕ್ಲೆಬ್ಸಿಯೆಲ್ಲಾ ಈ.ಕೊಲೈಗೂ ಕೊಡಬಲ್ಲದು, ಜಾತಿ ನೋಡುವುದಿಲ್ಲ. ನಾವು ಕೊಟ್ಟ ಒಂದೊಂದು ಅನವಶ್ಯಕ ಡೋಸ್ ಕರುಳಿನಲ್ಲಿರುವ ಸಾಧು ಬ್ಯಾಕ್ಟೀರಿಯಾಗಳನ್ನು ಕೊಂದು, ಈ ವಿದ್ಯೆ ಕಲಿತವಕ್ಕೆ ಜಾಗ ಖಾಲಿ ಮಾಡಿಕೊಡುತ್ತದೆ.

2008ರಲ್ಲಿ ಸ್ವೀಡನ್ನಿನಲ್ಲಿ ಒಬ್ಬ ರೋಗಿಯ ಕ್ಲೆಬ್ಸಿಯೆಲ್ಲಾದಲ್ಲಿ ಮೆರೋಪೆನೆಂ ಜಾತಿಯ ಔಷಧಿಗಳನ್ನೂ ಮುರಿಯುವ ಕಿಣ್ವ ಸಿಕ್ಕಿತು. ಅವರು ಅದಕ್ಕೂ ಮುನ್ನ ನವದೆಹಲಿಯಲ್ಲಿ ಆಸ್ಪತ್ರೆಯಲ್ಲಿದ್ದವರು, ಹಾಗಾಗಿ ಅದಕ್ಕೆ ಎನ್‌ಡಿಎಂ ಎಂದು ನಮ್ಮ ರಾಜಧಾನಿ ನ್ಯೂ ಡೆಲ್ಲಿಯ ಹೆಸರೇ ಅಂಟಿತು. ಹೆಸರಿನ ಬಗ್ಗೆ ದೇಶದಲ್ಲಿ ದೊಡ್ಡ ಗಲಾಟೆಯಾಯಿತು. ಹೆಸರಿಗಿಂತ ಕಾಯಿಲೆಯ ಮೇಲೆ ಅಷ್ಟು ಸಿಟ್ಟು ಬರಬೇಕಿತ್ತು ಅಂತ ನನಗೆ ಇಂದಿಗೂ ಅನ್ನಿಸುತ್ತದೆ. ಐಸಿಎಂಆರ್‌ನ ಈಚಿನ ವರದಿಗಳಲ್ಲಿ ನೋಡು, ದೊಡ್ಡ ಆಸ್ಪತ್ರೆಗಳಲ್ಲಿ ಸಿಗುವ ಅಸಿನೆಟೊಬ್ಯಾಕ್ಟರ್‌ಗಳಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಮೆರೋಪೆನೆಂಗೆ ಬಗ್ಗುವುದಿಲ್ಲ. ಆಗ ಉಳಿಯುವುದು ಕೊಲಿಸ್ಟಿನ್‌ನಂಥ ಒಂದೆರಡು. ಅದು ಐವತ್ತರ ದಶಕದ ಔಷಧಿ, ಕಿಡ್ನಿ ಕೆಡಿಸುತ್ತದೆ ಅಂತ ಬದಿಗಿಟ್ಟಿದ್ದನ್ನು ಬೇರೆ ದಾರಿಯಿಲ್ಲದೆ ಮತ್ತೆ ಎತ್ತಿಕೊಂಡದ್ದು. ಅದನ್ನೇ ಕೋಳಿಗಳು ದಪ್ಪವಾಗಲಿ ಅಂತ ಮೇವಿಗೂ ಬೆರೆಸುತ್ತಿದ್ದರು. 2019ರಲ್ಲಿ ಸರ್ಕಾರ ನಿಷೇಧಿಸಿತು. ಆ ವರ್ಷ ಔಷಧಿಗೆ ಬಗ್ಗದ ಸೋಂಕಿನಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜು.

ಔಷಧಿಯೇ ಸಾಲದಿದ್ದ ಕಾಲವೂ ಒಂದಿತ್ತು. 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸಿನವರಿಗೆ ಮುಖದ ಗಾಯದಿಂದ ನಂಜೇರಿತ್ತು. ಪೆನಿಸಿಲಿನ್ ಕೊಟ್ಟರು, ನಾಲ್ಕೈದು ದಿನದಲ್ಲಿ ಜ್ವರ ಇಳಿದು ಊಟ ಮಾಡತೊಡಗಿದರು. ಇದ್ದ ಔಷಧಿಯೇ ಚಿಟಿಕೆಯಷ್ಟು. ಅವರ ಮೂತ್ರ ಸಂಗ್ರಹಿಸಿ, ಅದರಿಂದ ಪೆನಿಸಿಲಿನ್ ಮರಳಿ ತೆಗೆದು ಮತ್ತೆ ಅವರಿಗೇ ಚುಚ್ಚಿದರು. ಅದೂ ಮುಗಿಯಿತು, ಮಾರ್ಚ್‌ನಲ್ಲಿ ತೀರಿಕೊಂಡರು. ಮೆರೋಪೆನೆಂ ವಯಲ್ ಕೈಗೆತ್ತಿಕೊಂಡಾಗಲೆಲ್ಲ ನನಗೆ ಅವರ ನೆನಪಾಗುತ್ತಿತ್ತು. ಅವರಿಗೆ ಔಷಧಿ ಇರಲಿಲ್ಲ. ನಿನ್ನ ಆರನೇ ಬೆಡ್ಡಿನವರಿಗೆ ಔಷಧಿ ಇತ್ತು, ಅದಕ್ಕೆ ಬಲ ಉಳಿದಿರಲಿಲ್ಲ.

ಆ ಬಲ ಉಳಿಸುವ ಕೆಲಸದಲ್ಲಿ ನಿನ್ನ ಪಾಲು ಎಷ್ಟು ದೊಡ್ಡದು ಅಂತ ಡ್ರಗ್ ಚಾರ್ಟ್ ನೋಡಿದರೆ ಗೊತ್ತಾಗುತ್ತದೆ. ಎಂಟು ಗಂಟೆಗೊಮ್ಮೆ ಅಂತ ಬರೆದ ಮೆರೋಪೆನೆಂ ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತಕ್ಕೆ ಹೋಗಬೇಕು. ಎರಡು ಗಂಟೆ ಎಂದರೆ ಶಿಫ್ಟ್ ಬದಲಾಗುವ ಹೊತ್ತು. ನೀವು ಕೊಡುತ್ತೀರಿ ಅಂತ ಅವರು, ಅವರು ಕೊಟ್ಟಿದ್ದಾರೆ ಅಂತ ನೀವು, ಕೊನೆಗೆ ಅದು ಹೋಗುವುದು ನಾಲ್ಕಕ್ಕೆ. ಈ ಜಾತಿಯ ಔಷಧಿ ರಕ್ತದಲ್ಲಿ ಸಾಕಷ್ಟು ಇರುವಷ್ಟು ಹೊತ್ತು ಮಾತ್ರ ಕೊಲ್ಲುತ್ತದೆ. ತಡವಾದ ಆ ಎರಡು ಗಂಟೆ ಬ್ಯಾಕ್ಟೀರಿಯಾಕ್ಕೆ ಸಿಕ್ಕ ರಜೆ. ಅನುಕೂಲ ಸಿಕ್ಕರೆ ಈ.ಕೊಲೈ ಇಪ್ಪತ್ತು ನಿಮಿಷಕ್ಕೆ ಒಂದರಿಂದ ಎರಡಾಗುತ್ತದೆ, ಲೆಕ್ಕ ಹಾಕಿ ನೋಡು.

ಔಷಧಿಗೂ ದಿನದ ಲೆಕ್ಕ ಬೇಕು. ಚಾರ್ಟಿನ ಮೇಲೆ "ಇಂದು 4ನೇ ದಿನ" ಅಂತ ಕೆಂಪು ಪೆನ್ನಿನಲ್ಲಿ ಬರೆ. ಮೂರನೇ ದಿನ ಕಲ್ಚರ್ ರಿಪೋರ್ಟ್ ಬಂದು ಫೈಲಿನೊಳಗೆ ಮಲಗಿರುತ್ತದೆ. ಚಿಕ್ಕ ಔಷಧಿಗೆ ಬಗ್ಗುವ ಬ್ಯಾಕ್ಟೀರಿಯಾ ಅಂತ ಅದರಲ್ಲಿ ಬರೆದಿದ್ದರೂ ದೊಡ್ಡ ಔಷಧಿ ಹಾಗೇ ಓಡುತ್ತಿರುತ್ತದೆ. ರಿಪೋರ್ಟನ್ನು ತೆಗೆದು ಡಾಕ್ಟರ ಕಣ್ಣ ಮುಂದೆ ಇಡು. ನಮ್ಮ ಕಾಲದಲ್ಲಿ ರಕ್ತದ ಸೋಂಕು ಎಂದರೆ ಕಣ್ಣುಮುಚ್ಚಿ ಹದಿನಾಲ್ಕು ದಿನ. 2024ರಲ್ಲಿ ಏಳು ದೇಶಗಳ 3,600ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಏಳು ದಿನದ ಚಿಕಿತ್ಸೆ ಹದಿನಾಲ್ಕು ದಿನಕ್ಕೆ ಏನೂ ಕಡಿಮೆಯಿಲ್ಲ ಎಂದು ಕಂಡುಬಂತು. ಸ್ಟ್ಯಾಫಿಲೊಕಾಕಸ್ ಆರಿಯಸ್ ಅನ್ನು ಅದರಲ್ಲಿ ಸೇರಿಸಿರಲಿಲ್ಲ, ಅದು ಹೃದಯದ ಕವಾಟಕ್ಕೆ ಕಚ್ಚಿಕೊಳ್ಳುವ ಜಾತಿ, ಅದಕ್ಕೆ ಹೆಚ್ಚು ದಿನ ಬೇಕೇ ಬೇಕು. ಎಷ್ಟು ದಿನ ಎಂಬುದನ್ನು ನಿರ್ಧರಿಸುವವರು ಡಾಕ್ಟರು. ಎಷ್ಟನೇ ದಿನ ಎಂಬುದನ್ನು ನೆನಪಿಸುವವಳು ನೀನು.

ಮನೆಯವರು "ಪವರ್ ಇರೋ ಇಂಜೆಕ್ಷನ್ ಹಾಕಿಸಿ ಸಿಸ್ಟರ್, ದುಡ್ಡು ಎಷ್ಟಾದರೂ ಸರಿ" ಅಂತ ಓಲೆ ಜುಮಕಿ ಅಡವಿಟ್ಟು ಬಂದು ನಿಲ್ಲುತ್ತಾರೆ. ಅವರ ಮೇಲೆ ರೇಗಬೇಡ. ಇಂಥ ಔಷಧಿಗಳನ್ನು ಚೀಟಿಯಿಲ್ಲದೆ ಕೊಡಬಾರದು, ಕೊಟ್ಟಿದ್ದನ್ನು ರಿಜಿಸ್ಟರಿನಲ್ಲಿ ಬರೆಯಬೇಕು ಅಂತ 2014ರಿಂದ ಶೆಡ್ಯೂಲ್ ಎಚ್1 ನಿಯಮವೇ ಇದೆ. ಆದರೂ ಎಷ್ಟೋ ಊರುಗಳಲ್ಲಿ ನೆಗಡಿಗೂ ಅಂಗಡಿಯಿಂದ ಎರಡು ಮಾತ್ರೆ ಸಿಗುತ್ತದೆ. ಅವರು ಕಂಡು ಬೆಳೆದದ್ದು ಅದನ್ನೇ. ಸರಿಯಾದ ಔಷಧಿ ಬೇರೆ, ದೊಡ್ಡ ಔಷಧಿ ಬೇರೆ ಅಂತ ಪಕ್ಕದಲ್ಲಿ ಕೂತು ಎರಡು ನಿಮಿಷ ಹೇಳು. ಸಾವು ಬಂದಾಗಲೂ ಹಾಗೇ, ಅವರು ಕೇಳಿದ್ದಕ್ಕೆ ಸುಳ್ಳು ಹೇಳಬೇಡ. ಆ ಗಾರೆ ಕೆಲಸದ ಹುಡುಗನ ತಾಯಿಗೆ ನಾನು ಉತ್ತರ ಕೊಡಲಿಲ್ಲ. ಹದಿಮೂರು ಹದಿನಾಲ್ಕು ವರ್ಷವಾದರೂ ಆ ಮುಖ ಮರೆತಿಲ್ಲ.

ಆರನೇ ಬೆಡ್ಡಿನವರಿಗಾಗಿ ಅತ್ತೆಯಲ್ಲ, ಅಳು. ಅದನ್ನು ತಡೆದುಕೊಳ್ಳುವುದನ್ನು ನಾನು ಕಲಿಸುವುದಿಲ್ಲ. ಆದರೆ ಇವತ್ತು ರಾತ್ರಿ ನೀನು ಹೋಗುವಷ್ಟರಲ್ಲಿ ಆ ಬೆಡ್‌ಗೆ ಇನ್ನೊಬ್ಬರು ಬಂದಿರುತ್ತಾರೆ. ಅಸಿನೆಟೊಬ್ಯಾಕ್ಟರ್ ಒಣಗಿದ ಜಾಗದಲ್ಲೂ ವಾರಗಟ್ಟಲೆ ಬದುಕುತ್ತದೆ. ಮಂಚದ ಕಂಬಿ, ಇನ್‌ಫ್ಯೂಷನ್ ಪಂಪಿನ ಗುಂಡಿಗಳು, ಬಿಪಿ ಪಟ್ಟಿ, ಮಾನಿಟರಿನ ವೈರು ಇವನ್ನೆಲ್ಲ ಒರೆಸಿದ್ದಾರಾ ಅಂತ ಕೇಳು, ಅನುಮಾನವಿದ್ದರೆ ಅಟೆಂಡರನ್ನು ಕರೆದು ಜೊತೆಗೆ ನಿಂತು ಇನ್ನೊಮ್ಮೆ ಒರೆಸಿಸು. ಆಮೇಲೆ ಆ ಹೊಸಬರ ಲೈನಿನ ಡ್ರೆಸಿಂಗ್ ಮೇಲೆ ಹಾಕಿದ ತಾರೀಖು ಇದೆಯಾ ನೋಡು. ಇಲ್ಲದಿದ್ದರೆ ಕೇಸ್‌ಶೀಟಿನಲ್ಲಿ ಹುಡುಕಿ ನೀನೇ ಬರೆ. ಬೆಳಿಗ್ಗೆ ಡ್ಯೂಟಿ ಮುಗಿದ ಮೇಲೆ ಫೋನ್ ಮಾಡು, ಎಷ್ಟನೇ ದಿನ ಅಂತ ನನಗೂ ಹೇಳು. ಹಾಲು ಕಾಯಿಸುವ ಹೊತ್ತಿಗೆ ಎದ್ದೇ ಇರುತ್ತೇನೆ.